ಕೋಳಿಗೂಡಿನ ಮನೆಯೊಕ್ಕಲು

ಒಳಗಿದ್ದರೆ ಹೊರಗಿನವರನ್ನು ಕೂಗುತ್ತೆ, ಹೊರಗಿದ್ದರೆ ಒಳಗಿನವರನ್ನು ನೋಡಿ ನಗುತ್ತೆ, ಸೋಮವಾರ ಮಾತ್ರ ನೀಲಿ. ಏನದು? ಯೋಚನೆ ಮಾಡಿ. ಇನ್ನೂ ಮಾಡಿ. ನನಗೂ ಗೊತ್ತಿಲ್ಲ. ನಮ್ಮ ಮೇಷ್ಟ್ರನ್ನು ಕೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರು, ಅಂದರೆ ಅವರಿಗೂ ಗೊತ್ತಿಲ್ಲ. ಇರಲಿ, ಕತೆಗೆ ಬನ್ನಿ.

ಬಹಳ ಹಿಂದೆ, ಬೆಟ್ಟಗಳಿನ್ನೂ ಅಂಬೆಗಾಲಿಡುತ್ತಿದ್ದಾಗ, ಮುತ್ತುಗದುರ್ಗ ಅಂತ ಒಂದು ರಾಜ್ಯ. ಅಲ್ಲೊಬ್ಬ ಬೊಪ್ಪ, ಅವನ ತಂಗಿ ಸಣ್ಣತಾಯಿ, ಅವರಜ್ಜಿ ಕಾಳವ್ವ, ಹಿತ್ತಲಲ್ಲಿ ನಾಲ್ಕು ಕೆಂಪು ಕೋಳಿ. ಇಷ್ಟೇ ಸಂಸಾರ.

ಒಂದು ದಿನ ಧೂಮಕೇಶಿ ಅನ್ನೋ ಮಾಂತ್ರಿಕ ಬಂದ. ಅವನಿಗೆ ತಲೆಯ ಮೇಲೆ ಕೂದಲಿರಲಿಲ್ಲ, ಹೊಗೆ ಇತ್ತು. ಸಣ್ಣತಾಯಿ ನೋಡಿದವಳೇ, "ತಾತಾ, ನಿನ್ನ ತಲೆ ಮೇಲೆ ಮಡಕೆ ಇಟ್ಟರೆ ಅನ್ನ ಬೇಯುತ್ತಾ?" ಅಂದಳು.

ಮಾಂತ್ರಿಕ ನಗಲಿಲ್ಲ. ಊದಿದ, ಅಷ್ಟೇ. ಸಣ್ಣತಾಯಿ ಕೋಳಿಯಾದಳು. ಪುರ್ರನೆ ಹಾರಿ ಉಳಿದ ಕೋಳಿಗಳ ನಡುವೆ ಬಿದ್ದಳು. ಐದೂ ಒಂದೇ ಬಣ್ಣ, ಐದೂ ಒಂದೇ ಕೂಗು.

"ಮೂರು ಸಂಜೆ ಬರ್ತೀನಿ. ಕೈಗೆ ಸಿಕ್ಕ ಕೋಳಿ ನನ್ನ ಸಾರಿಗೆ. ಒಂದೂ ಸಿಗದಿದ್ದರೆ ನಿನ್ನ ತಂಗಿ ನಿನಗೆ," ಅಂದು ಹೊಗೆಯಾಗಿ ಹೋದ.

ಬೊಪ್ಪ ಕೋಳಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಸಣ್ಣೂ, ನೀನಾದ್ರೆ ಒಂದು ಕಣ್ಣು ಮುಚ್ಚು." ಐದೂ ಒಂದೊಂದು ಕಣ್ಣು ಮುಚ್ಚಿದವು. ಕೋಳಿ ಮಲಗೋದೇ ಹಾಗಂತೆ.

"ಯಾವುದು ಅಂತ ಗೊತ್ತಿಲ್ಲದಿದ್ರೆ ಐದನ್ನೂ ಕಾಯಬೇಕು ಕಣ್ಲಾ. ಗೂಡು ಕಟ್ಟು," ಅಂದಳು ಅಜ್ಜಿ.

ಬೊಪ್ಪ ಹಿಂದೆಂದೂ ಗೂಡು ಕಟ್ಟಿದವನಲ್ಲ. ಮಣ್ಣಿನ ಗೋಡೆ ಎಬ್ಬಿಸಿ, ಮೇಲೆ ಹುಲ್ಲು ಹೊದಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ಅರಮನೆ ಕಟ್ಟಿದವನೂ ಹಾಗೆ ನಿಂತಿರಲಿಕ್ಕಿಲ್ಲ.

ಮೊದಲ ಸಂಜೆ ಧೂಮಕೇಶಿ ಕಬ್ಬಿಣದ ಉಗುರಿನ ಮುಂಗುಸಿಯಾಗಿ ಬಂದ.

"ಬೊಪ್ಪಾ ಬೊಪ್ಪಾ, ನಿನ್ನ ತಂಗಿ ಯಾವುದು?"

"ಐದೂ ನನ್ನ ತಂಗೀನೇ, ಹೋಗೋ!"

ಮುಂಗುಸಿ ಗೋಡೆ ಮುಟ್ಟಲಿಲ್ಲ, ನೆಲ ಬಗೆಯಿತು. ಗೋಡೆಯ ಬುಡಕ್ಕೆ ಕಲ್ಲು ಹಾಕೋದನ್ನು ಬೊಪ್ಪ ಮರೆತಿದ್ದ! ಮುಂಗುಸಿ ಒಳಗೆ ತಲೆ ಹಾಕುವಷ್ಟರಲ್ಲಿ ಅಜ್ಜಿ ಬೀಸುಕಲ್ಲು ಉರುಳಿಸಿ ತಂದು ಬಿಲದ ಮೇಲೆ ಕೆಡವಿದಳು. ಬಾಲ ಜಜ್ಜಿಸಿಕೊಂಡು ಮುಂಗುಸಿ ಓಡಿತು.

ಬೆಳಗ್ಗೆ ಬೊಪ್ಪ ಆ ಗೂಡು ಕೆಡವಿ, ನಾಲ್ಕು ಕಂಬ ನೆಟ್ಟು, ಮೇಲೆ ಬಿದಿರು ದಬ್ಬೆಯ ಗೂಡು ಕಟ್ಟಿದ. ಕೋಳಿಗಳು ಮಲಗೋದಕ್ಕೆ ಕೊಂಬೆಯನ್ನೇ ಹುಡುಕುತ್ತಿದ್ದವು. ಯಾಕೆ ಅಂತ ಬಗ್ಗಿ ನೋಡಿದ. ಕಾಲ್ಬೆರಳು ಕೊಂಬೆ ಸುತ್ತಿಕೊಂಡರೇನೇ ಅವಕ್ಕೆ ನಿದ್ದೆ. ಒಳಗೊಂದು ಗಳ ಅಡ್ಡ ಕಟ್ಟಿದ. ಕೋಳಿಗಳಿಗೆ ಹೇನು ಹತ್ತದಿರಲಿ ಅಂತ ಅಜ್ಜಿ ಗಳದ ಕೆಳಗೆ ಬೂದಿ ಹರಡಿದಳು.

ಎರಡನೇ ಸಂಜೆ ಧೂಮಕೇಶಿ ದಾರದಷ್ಟು ತೆಳ್ಳನೆ ಹಾವಾಗಿ ಬಂದ.

"ಬೊಪ್ಪಾ ಬೊಪ್ಪಾ, ನಿನ್ನ ತಂಗಿ ಯಾವುದು?"

"ಐದೂ ನನ್ನ ತಂಗೀನೇ, ಹೋಗೋ!"

ಹಾವು ದಬ್ಬೆಗಳ ಸಂದಿಯಲ್ಲಿ ನುಸುಳಿತು. ಕೋಳಿಗಳು ರೆಕ್ಕೆ ಬಡಿದವು, ಬೂದಿ ಎದ್ದಿತು. ಹಾವಿಗೆ ಸೀನು ಬಂತು. ಒಂದೊಂದು ಸೀನಿಗೂ ಒಂದೊಂದು ಗೇಣು ದಪ್ಪವಾಯಿತು. ಸಂದಿಯಲ್ಲಿ ಸಿಕ್ಕಿಕೊಂಡು, ಒದ್ದಾಡಿ, ಅರ್ಧ ಪೊರೆ ಅಲ್ಲೇ ಬಿಟ್ಟು ಹರಿದುಹೋಯಿತು. ಬೊಪ್ಪ ಇರುವೆಯೂ ತೂರದ ಹಾಗೆ ಸಂದಿಗಳಿಗೆ ತಡಿಕೆ ಹೆಣೆದ, ಗಟ್ಟಿ ಚಿಲಕ ಇಟ್ಟ.

ಮೂರನೇ ಸಂಜೆ ಮುಂಗುಸಿಯೂ ಬರಲಿಲ್ಲ, ಹಾವೂ ಬರಲಿಲ್ಲ. ದೊಡ್ಡ ರುಮಾಲು ಸುತ್ತಿದ ಹಿರಿಯರೊಬ್ಬರು ಬಂದು ಗೂಡಿನ ಮುಂದೆ ಚಪ್ಪಲಿ ಬಿಟ್ಟರು.

"ಏನ್ ತಾಯೀ, ಹೊಸ ಮನೆ ಕಟ್ಟಿದ್ದೀರಿ, ಒಂದು ಮಾತು ಕರೀಬಾರದಾ?"

ಹೊಸ ಮನೆ ಮುಂದೆ ಹಿರಿಯರು ನಿಂತರೆ ಬಾಯಿ ಸುಮ್ಮನಿರುತ್ತಾ? ಅಜ್ಜಿ ಸೆರಗು ಸರಿಮಾಡಿಕೊಂಡು ಅಂದೇಬಿಟ್ಟಳು: "ಅಯ್ಯೋ, ಬನ್ನಿ ಸ್ವಾಮಿ, ಒಳಗೆ ಬನ್ನಿ!"

ಆಗಲೇ ರುಮಾಲಿನ ಮಡಿಕೆಯಿಂದ ಹೊಗೆ ಇಣುಕಿತು. ಚಿಲಕ ತಾನೇ ಬಿಚ್ಚಿಕೊಂಡಿತು. ಧೂಮಕೇಶಿ ಗೇಣುದ್ದ ಕುಗ್ಗಿ ಒಳಗೆ ನಡೆದ.

"ಅಜ್ಜೀ! ಕರೆದುಬಿಟ್ಟೆಯಲ್ಲಾ!"

"ಬಾಯಿತಪ್ಪಿ ಬಂತು ಕಣ್ಲಾ! ನಿಂತ್ಕೋಬೇಡ, ಎಲೆ ಹಾಕು, ಎಲೆ!"

ಆ ರಾಜ್ಯದ ಕಟ್ಟಳೆ ಹಾಗಿತ್ತು. ಮನೆಯೊಕ್ಕಲಿಗೆ ಬಾ ಅಂತ ಕರೆದ ಮೇಲೆ ಬಂದವನನ್ನು ತಡೆಯೋ ಹಾಗಿಲ್ಲ. ಆದರೆ ಆ ಮನೆಯವರು ಬಡಿಸಿದ್ದನ್ನು ಉಣ್ಣದೆ ಅವನು ಏನನ್ನೂ ಮುಟ್ಟೋ ಹಾಗಿಲ್ಲ. ಉಣ್ಣದೆ ಎದ್ದರೆ ಇದ್ದ ಶಕ್ತಿಯೆಲ್ಲ ಇಳಿದುಹೋಗುತ್ತೆ.

ಬೊಪ್ಪ ಮುತ್ತುಗದ ಎಲೆ ಒಳಗೆ ತಳ್ಳಿದ. ಧೂಮಕೇಶಿ ಹಲ್ಲು ಕಡಿಯುತ್ತಾ ಕೂತ. "ಬಡಿಸಿ ಬೇಗ. ಉಂಡು, ಐದನ್ನೂ ಹೊತ್ತುಕೊಂಡು ಹೋಗ್ತೀನಿ."

"ನಾನ್ಯಾಕೆ ಬಡಿಸಲಿ? ಮನೆ ನಂದಲ್ಲ, ಕೋಳಿಗಳದು," ಅಂದ ಬೊಪ್ಪ.

ನಾಲ್ಕು ಕೋಳಿ ಗಳದ ಮೇಲೆ ಮುದುಡಿ ಕೂತವು. ಒಂದು ಮಾತ್ರ ಕೆಳಗಿಳಿದು ತೆರೆದ ಬಾಗಿಲಿಂದ ಹಿತ್ತಲಿಗೆ ನೆಗೆಯಿತು. ಚಿಟಿಕೆಯಷ್ಟು ಮರಳು ಕಚ್ಚಿ ತಂದು ಎಲೆಯ ಎಡತುದಿಗೆ ಹಾಕಿತು. ಅದರ ಪಕ್ಕ ಒಂದೆಸಳು ಸೊಪ್ಪು. ಆಮೇಲೆ ನಡುವೆ, ಅನ್ನದ ಜಾಗಕ್ಕೆ, ಮಿಸುಕಾಡೋ ದಪ್ಪ ಎರೆಹುಳ.

ಬೊಪ್ಪನ ಕಣ್ಣು ತುಂಬಿತು. ಎಲೆಯ ತುದಿಗೆ ಮೊದಲು ಉಪ್ಪು, ಆಮೇಲೆ ಪಲ್ಯ, ಆಮೇಲೆ ಅನ್ನ! ಯಾವ ಕೋಳಿ ಹೀಗೆ ಬಡಿಸುತ್ತೆ?

"ಸಣ್ಣೂ!"

"ಹುಳವಾ? ಥೂ!" ಅಂತ ಧೂಮಕೇಶಿ ಎದ್ದೇಬಿಟ್ಟ.

ಎದ್ದದ್ದೇ ತಡ, ತಲೆಯ ಹೊಗೆ ಬುಸ್ಸಂತ ಆರಿತು. ಗೇಣುದ್ದದ ಬೋಳು ಮನುಷ್ಯ ಬಾಗಿಲಿಂದ ಹೊರಬಿದ್ದು, "ತಾಯೀ, ಕೋಳಿ ಕುಕ್ಕುತ್ತೆ, ತಾಯೀ!" ಅಂತ ಓಡಿದವನು ಇನ್ನೂ ಓಡುತ್ತಲೇ ಇದ್ದಾನೆ. ಗೂಡು ಫಟಾರನೆ ಒಡೆಯಿತು. ಕೊರಳಿಗೆ ತಡಿಕೆ, ತಲೆಗೆ ಪುಕ್ಕ, ನಡುವೆ ಸಣ್ಣತಾಯಿ.

"ಅಣ್ಣಾ, ಆ ಗಳ ಇನ್ನೊಂಚೂರು ದಪ್ಪ ಹಾಕೋಕೇನಾಗಿತ್ತು? ಕಾಲ್ಬೆರಳೆಲ್ಲ ನೋವು."

ಬೊಪ್ಪ ದಪ್ಪ ಗಳ ಹಾಕಿ ಹೊಸ ಗೂಡು ಕಟ್ಟಿದ. ಅಜ್ಜಿ, ಅಣ್ಣ, ತಂಗಿ, ನಾಲ್ಕು ಕೋಳಿ ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿಕೊಂಡು ಬಾಳಿದರು.

ನಿಜ ಹೇಳಲಾ? ನಮ್ಮಜ್ಜಿ ಈ ಕತೆ ಹೇಳುವಾಗ, ಧೂಮಕೇಶಿ ಗೂಡಿನೊಳಗೆ ಹೋದ ಅನ್ನೋವಷ್ಟರಲ್ಲಿ, "ಕತ್ತಲಾಯ್ತು, ಕೋಳಿ ಮುಚ್ಚಬೇಕು" ಅಂತ ಎದ್ದುಹೋದಳು. ಮುಂದೇನಾಯ್ತು ಅಂತ ಎಷ್ಟು ಕಾಡಿದರೂ "ಮರೆತೋಯ್ತು ಹೋಗ್ಲಾ" ಅಂದಳು. ಅವನನ್ನು ಗೂಡಿನೊಳಗೆ ಬಿಟ್ಟು ನಾನು ಹೇಗೆ ಮಲಗಲಿ, ನೀವೇ ಹೇಳಿ. ಅದಕ್ಕೇ ಎಲೆ ಹಾಕಿದ್ದು ನಾನು. ಅಲ್ಲಿಂದಾಚೆಗೆಲ್ಲ ನಾನೇ ಕಟ್ಟಿದ್ದು.