ಲೇಬಲ್ ಇಲ್ಲದ ಬಾಟಲಿ

ಆಂಗಸ್‌ನ ಕೆಲಸದ ಮೇಜಿನ ಮೇಲೆ ನೀರಿನ ಬಾಟಲಿಯೊಂದಿತ್ತು. ಒಳಗಿದ್ದದ್ದು ಮಾತ್ರ ನೀರಲ್ಲ. ಮುಚ್ಚಳ ಬಿಚ್ಚದೆಯೇ ಬ್ರೈಡಿಗೆ ಗೊತ್ತಾಯಿತು. ನೀರು ಎಲ್ಲಾದರೂ ಗುಲಾಬಿ ಬಣ್ಣಕ್ಕಿರುತ್ತದೆಯೇ?

ಕಾಲ್ಗೂರ್ಲಿ ಪಟ್ಟಣದಿಂದ ಮೂರು ಗಂಟೆ ದಾರಿಯ ಆ ಚಿನ್ನದ ಗಣಿಯಲ್ಲಿ ರಾಸಾಯನಿಕಗಳ ಹೊಣೆ ಬ್ರೈಡಿಯದು. ಸಯನೈಡ್‌ನಿಂದ ಹಿಡಿದು ನೆಲ ಒರೆಸುವ ಫಿನಾಯಿಲಿನವರೆಗೆ, ಪಟ್ಟಿಯಲ್ಲಿಲ್ಲದ್ದು ಗೇಟು ದಾಟುವಂತಿಲ್ಲ. ಬೇರೆ ಡಬ್ಬಿಗೆ ಸುರಿದಿಟ್ಟರೆ ಹೆಸರನ್ನೂ ಅಪಾಯವನ್ನೂ ಬರೆದು ಅಂಟಿಸಲೇಬೇಕು. ಇದು ಕಾನೂನು. ತಿಂಗಳಿಗೊಮ್ಮೆ ಅವಳೇ ಈ ಪಾಠ ಹೇಳುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೂತು, ಅವಳು ತಿರುಗಿದಾಗಲೆಲ್ಲ ಕಣ್ಣಲ್ಲೇ ಕೀಟಲೆ ಮಾಡಿ ಅವಳ ಮಾತು ತಪ್ಪಿಸುತ್ತಿದ್ದವನು ಈ ಪಂಪ್ ಮೆಕ್ಯಾನಿಕ್ ಆಂಗಸ್.

"ಗಸ್, ಇದೇನಿದು?"

ಪಂಪಿನ ಹಿಂದಿನಿಂದ ಆಂಗಸ್‌ನ ತಲೆ ಹೊರಬಂತು. ಮೂಗಿನ ಮೇಲೆ ಗ್ರೀಸು. ಅವಳನ್ನು ಕಂಡು ಅರಳಿದ ಮುಖ ಬಾಟಲಿ ಕಂಡು ಬಾಡಿತು.

"ನಿನ್ನ ಕೆಟಲ್‌ಗೆ ಕಣೇ."

"ನನ್ನ ಕೆಟಲ್‌ಗಾ?"

"ಬೋರ್ ನೀರಿಗೆ ಒಳಗೆಲ್ಲ ಸುಣ್ಣ ಕಟ್ಟಿದೆ. ನಿನ್ನ ಟೀ ಕುಡಿದ್ರೆ ಗೋಡೆ ನೆಕ್ಕಿದ ಹಾಗಿರುತ್ತೆ. ಪಂಪಿನ ಸಾಮಾನು ತರೋಕೆ ಊರಿಗೆ ಹೋದಾಗ ಸುಣ್ಣ ಬಿಡಿಸೋ ಆಸಿಡ್ ತಗೊಂಡೆ. ಅದರ ಡಬ್ಬೀನೇ ತಂದ್ರೆ ಗೇಟಲ್ಲಿ ಬಿಡಲ್ಲ ಅಂತ..."

"ಅಂತ ಕುಡಿಯೋ ಬಾಟಲಿಗೆ ಸುರಿದ್ಯಾ! ಯಾರಾದ್ರೂ ಬಾಯಾರಿ ಎತ್ತಿ ಕುಡಿದಿದ್ರೆ?"

ಅವನು ತಲೆ ತಗ್ಗಿಸಿದ. "ವರದಿ ಬರೀತೀಯಾ?"

"ಬರೀಲೇಬೇಕು."

"ಹಾಗಾದ್ರೆ ನನಗೆ ಕಿಟಕಿ ಪಕ್ಕದ ಸೀಟು."

ಕೆಲಸ ಕಳೆದುಕೊಂಡು ಮಧ್ಯಾಹ್ನ ಮೂರರ ಪರ್ತ್ ವಿಮಾನ ಹತ್ತುವವರ ಬಗ್ಗೆ ಅಲ್ಲಿ ಹಾಗೆನ್ನುತ್ತಿದ್ದರು.

ಬ್ರೈಡಿ ಆಫೀಸಿಗೆ ಬಂದು ಕೂತಳು, ಎದ್ದಳು, ಬಾಗಿಲವರೆಗೆ ಹೋಗಿ ಮರಳಿದಳು. ಬಾಟಲಿ ಖಾಲಿ ಮಾಡಿ ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯದು. ಗಸ್ ಉಳಿಯುತ್ತಾನೆ. ಆದರೆ ನಾಳೆ ಇನ್ನೊಬ್ಬನ ಬಾಟಲಿ ಸಿಕ್ಕರೆ ಯಾವ ಮುಖ ಹೊತ್ತು ಬೈಯುವುದು? ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಎಂಟು ತಿಂಗಳಿಂದ ಆ ಹುಡುಗ ಅವಳ ನಿದ್ದೆ ಕೆಡಿಸಿದ್ದು ಸಾಲದೆ ಈಗ ಇದೊಂದು.

ಕೊನೆಗೆ ಬರೆದಳು. ಅರ್ಧ ಪುಟ ಸರಾಗವಾಗಿ ಸಾಗಿತು. ಆಮೇಲೆ ಒಂದು ಕಾಲಂ ಬಂತು: ವರದಿ ಮಾಡುವವರಿಗೂ ಈ ವ್ಯಕ್ತಿಗೂ ಇರುವ ಸಂಬಂಧ. "ಏನಿಲ್ಲ" ಎಂದು ಬರೆದು ಹೊಡೆದುಹಾಕಿದಳು. ಸಹಿ ಹಾಕುವ ಕಾಗದದಲ್ಲಿ ಸುಳ್ಳು ಬರೆಯುವುದು ಅವಳಿಂದಾಗದು. ಕೆಳಗೆ ಹೀಗೆ ಬರೆದಳು: "ನಾನು ಇವನನ್ನು ಪ್ರೀತಿಸುತ್ತೇನೆ. ಇವನಿಗೆ ಹೇಳಿಲ್ಲ. ತೀರ್ಮಾನ ಬೇರೆಯವರು ಮಾಡಲಿ."

ವರದಿಯನ್ನು ತಪ್ಪು ಮಾಡಿದವನೇ ಮ್ಯಾನೇಜರ್ ಎದುರು ಓದಿ ಸಹಿ ಹಾಕಬೇಕೆಂಬ ನಿಯಮ ಅವಳಿಗೆ ನೆನಪಾದದ್ದು, ಮ್ಯಾನೇಜರ್ ಕೋಣೆಯಲ್ಲಿ ಕಾಗದ ಆಂಗಸ್‌ನ ಕೈಗೆ ಹೋದ ಮೇಲೆ.

ಅವನು ಓದುತ್ತ ಹೋದ. ಒಂದು ಸಾಲಿಗೆ ಬಂದು ತಡೆದ. ಕಿವಿ ಕೆಂಪಾಯಿತು. ಬ್ರೈಡಿ ಕಿಟಕಿಯಾಚೆಯ ಕೆಂಪು ಮಣ್ಣನ್ನೇ ನೋಡುತ್ತಿದ್ದಳು, ಅದು ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

"ಏನ್ ಗಸ್, ಏನಾದ್ರೂ ತಪ್ಪಿದ್ಯಾ?" ಮ್ಯಾನೇಜರ್ ಲೋರ್ನಾ ಕೇಳಿದಳು.

"ತಪ್ಪಿಲ್ಲ. ಒಂದು ಕಾಲಂ ಅರ್ಧ ಮಾತ್ರ ತುಂಬಿದ್ದಾಳೆ. ಪೆನ್ ಕೊಡ್ತೀರಾ?"

ಅವನು ಬರೆದದ್ದನ್ನು ಓದಿ ಲೋರ್ನಾ ಕನ್ನಡಕ ತೆಗೆದಳು. "'ನಾನೂ ಪ್ರೀತಿಸುತ್ತೇನೆ. ಉಳಿದದ್ದೆಲ್ಲ ನಿಜ.' ಇಪ್ಪತ್ತು ವರ್ಷದಲ್ಲಿ ಇಂಥ ವರದಿಗೆ ನಾನು ಸಹಿ ಹಾಕಿಲ್ಲಪ್ಪ. ಆದ್ರೂ ವಿಮಾನ ಮೂರಕ್ಕೇ. ಹೋಗಿ ಚೀಲ ಕಟ್ಟು."

ರನ್‌ವೇ ಬೇಲಿಯ ಹತ್ತಿರ ಬ್ರೈಡಿ ಕೇಳಿದಳು, "ಸಿಟ್ಟಾ?"

"ನನ್ನ ಮೇಲಿದೆ. ನಿನ್ನ ಮೇಲೆ ಯಾಕೆ? ನಿನ್ನ ರಜೆ ಯಾವಾಗ?"

"ಇನ್ನು ಒಂಬತ್ತು ದಿನಕ್ಕೆ."

"ಪರ್ತ್ ಏರ್‌ಪೋರ್ಟಲ್ಲಿ ನಿಂತಿರ್ತೀನಿ. ನನಗಿನ್ನೇನು ಕೆಲಸ?"

ಕೆಲಸ ಕಳೆದುಕೊಂಡವನು ನಕ್ಕ. ಕೆಲಸ ಉಳಿಸಿಕೊಂಡವಳು ಎಲ್ಲರೆದುರೂ ಅವನ ಕೈ ಹಿಡಿದು ಅತ್ತಳು.