ಗಡಸು ಪ್ಲೇಟಿನ ತೂತು

ಟ್ಯಾಂಕಿನ ಉಕ್ಕಿನ ಕವಚವನ್ನು ಗುಂಡು ಹೇಗೆ ಸೀಳಿ ಹೋಗುತ್ತದೆ ಎಂಬುದು ದಾಂಡೇಲಿಯ ಇತಿಹಾಸದ ಮೇಷ್ಟ್ರು ರುದ್ರೇಶನಿಗೆ ಗೊತ್ತಿದ್ದಷ್ಟು ಸ್ವತಃ ಗುಂಡಿಗೂ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ಪರೀಕ್ಷಾ ವರದಿಗಳನ್ನು ಹನ್ನೆರಡು ವರ್ಷ ಅವನು ತಿರುವಿ ಹಾಕಿದ ರಭಸಕ್ಕೆ ಕಾಳಿ ನದಿಯ ಮೇಲಿನ ಗಾಳಿಯೇ ದಿಕ್ಕು ಬದಲಿಸಿತ್ತು. ಅಂಥವನ ಪಿಎಚ್‌ಡಿ ಪ್ರಬಂಧವನ್ನು ಸಮಿತಿ ಹಿಂದಕ್ಕೆ ಕಳಿಸಿತು: ಕಣ್ಣಿಗೆ ಕಾಣುವ ಒಂದಾದರೂ ಪುರಾವೆ ಬೇಕು, ಒಂದು ವರ್ಷದೊಳಗೆ, ಇಲ್ಲವಾದರೆ ನೋಂದಣಿ ರದ್ದು. ಅದೇ ದಿನ ಸ್ಟಾಫ್ ರೂಮಿನಲ್ಲಿ, ಅವನಿಗಿಂತ ಕಿರಿಯನಾದರೂ ಆಗಲೇ ಡಾಕ್ಟರ್ ಅನಿಸಿಕೊಂಡಿದ್ದ ಕಿರಣಕುಮಾರ ಚಹಾ ಊದುತ್ತ ಅಂದ: "ಸರ್, ಹಾಳ್ಯಾಗ ಯಾರ್ ಬೇಕಾದ್ರೂ ತೂತ ಹೊಡೀತಾರ. ಕಬ್ಬಿಣದಾಗ ತೋರಸ್ರಿ."

ತೋರಿಸಿಯೇ ಬಿಡುವುದೆಂದು ರುದ್ರೇಶ ನಿರ್ಧರಿಸಿದ. ಯುದ್ಧಕಾಲದಲ್ಲಿ ಜೋಯಿಡಾ ಕಾಡಿನೊಳಗೆ ಸೈನ್ಯ ಟ್ಯಾಂಕಿನ ಕವಚಕ್ಕೆ ಗುಟ್ಟಾಗಿ ಗುಂಡು ಹಾರಿಸಿ ನೋಡಿತ್ತು ಎಂಬ ಇತಿಹಾಸವನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಸೃಷ್ಟಿಸಿದ. ಇನ್ನು ಬೇಕಾದದ್ದು ತೂತು ಬಿದ್ದ ಒಂದು ಪ್ಲೇಟು.

ಹಳಿಯಾಳ ರಸ್ತೆಯ ಸಿದ್ದಲಿಂಗನ ವೆಲ್ಡಿಂಗ್ ಶೆಡ್ಡಿನಲ್ಲಿ ಜೆಸಿಬಿ ಬಕೆಟ್ಟಿನ ಗಡಸು ಪ್ಲೇಟೊಂದನ್ನು ಆರಿಸಿದ. ಗಡಸುತನದಲ್ಲಿ ಅದಕ್ಕೂ ಟ್ಯಾಂಕಿನ ಕವಚಕ್ಕೂ ಹೆಚ್ಚು ಅಂತರವಿಲ್ಲವೆಂದು ಮೂರು ಲೋಕದಲ್ಲಿ ಅವನೊಬ್ಬನಿಗೇ ಹೊಳೆದಿತ್ತು. ವಿದ್ಯಾರ್ಥಿಗಳಿಗೆ ತೋರಿಸಲು ಮಾದರಿ ಎಂದು ಹೇಳಿದ.

"ಡ್ರಿಲ್ ಹೊಡದ ಕೊಡ್ತೇನ್ರಿ ಸರ್, ಚಂದ ದುಂಡಗ."

"ಚಂದ ಬ್ಯಾಡೋ ಮಾರಾಯಾ. ಜಬರ್ದಸ್ತಿಲೆ ಆಗಿರಬೇಕು."

ಡ್ರಿಲ್ ಲೋಹವನ್ನು ಕೆರೆದು ತೆಗೆಯುತ್ತದೆ, ಗುಂಡು ನೂಕುತ್ತದೆ. ಮುಂದೆ ತುಟಿಯಂತೆ ಅಂಚು ಏಳಬೇಕು, ಹಿಂದೆ ಉಬ್ಬಿ ಒಡೆದಿರಬೇಕು. ಕಾಸಿದ ಗುರುತು ಉಕ್ಕಿನಲ್ಲಿ ಉಳಿದುಬಿಡುತ್ತದೆಂದು ಬೆಂಕಿ ಸೋಕಿಸಲು ಅವನು ಬಿಡಲಿಲ್ಲ. ಮರುದಿನ ದೊಡ್ಡ ಪ್ರೆಸ್ಸು ಉಕ್ಕಿನ ಗೂಟವನ್ನು ಪ್ಲೇಟಿನೊಳಗೆ ತುರುಕಿದಾಗ ಎದ್ದ ಸದ್ದಿಗೆ ಕುಳಗಿ ಕಾಡಿನ ಆನೆಗಳು ಕಿವಿ ಮುಚ್ಚಿಕೊಂಡವು.

ಪ್ಲೇಟನ್ನು ಜೋಯಿಡಾ ಕಾಡಂಚಿನ ಕುಂಬಾರವಾಡದಲ್ಲಿ ಜ್ಯೋತಿಬಾ ಎಂಬ ರೈತನ ಗದ್ದೆಯ ಅಂಚಿಗೆ, ಬೇಗ ತುಕ್ಕು ಹಿಡಿಯಲೆಂದು ಉಪ್ಪು ಸುರಿದು, ಯಾರಿಗೂ ಕಾಣದಂತೆ ಹೂತ. ಅಂದಿನಿಂದ ಕುಂತಲ್ಲಿ ಕುಂತಿರಲಿಲ್ಲ, ನಿಂತಲ್ಲಿ ನಿಂತಿರಲಿಲ್ಲ. ಪಾಠ ಮಾಡುವಾಗ ಪಾಣಿಪತ್ ಯುದ್ಧಕ್ಕೆ ಟ್ಯಾಂಕು ತಂದ. ಭಾನುವಾರವಾದರೆ ಕುಂಬಾರವಾಡದ ಬಸ್ಸು. ಕೇಳದಿದ್ದರೂ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಿದ್ದ. ಹತ್ತನೇ ತಿಂಗಳು ಜ್ಯೋತಿಬಾ ಕಾಲುವೆ ತೋಡುತ್ತ ಪ್ಲೇಟನ್ನು ತಾನೇ ಎಬ್ಬಿಸಿದ. ಪಂಚರ ಸಹಿಯೂ ಆಯಿತು. ಬ್ರಹ್ಮನಿಗೂ ಹುಳುಕು ಸಿಗದ ಕೆಲಸ!

ಸಮಿತಿಯ ಲೋಹತಜ್ಞೆ ಶೈಲಶ್ರೀ ಮಸೂರ ಹಿಡಿದು ಅಂಚು ನೋಡಿದರು, ಹಿಂಬದಿ ಸವರಿದರು. ಕಿರಣಕುಮಾರನೂ ಬಂದು ಮೂಲೆಯಲ್ಲಿ ನಿಂತಿದ್ದ.

"ಹೊಡತ ಬಿದ್ದದ್ದು ಖರೇನ ಐತಿ. ಸಾಕ್ರಿ, ಸಹಿ ಮಾಡ್ತೇನಿ," ಅಂದರು.

ರುದ್ರೇಶನಿಗೆ ಸಾಕಾಗಲಿಲ್ಲ. ಕಿರಣಕುಮಾರನ ಮೋರೆ ಇನ್ನೂ ಪೂರ್ತಿ ಬಾಡಿರಲಿಲ್ಲ.

"ಹಂಗ್ಯಾಕ್ರಿ ಮೇಡಂ? ತೂತಿನ ಮಗ್ಗಲಕ ಉಜ್ಜಿ ಆಸಿಡ್ ಹಚ್ಚರಿ. ಹೊಡತ ಉಕ್ಕಿನೊಳಗ ಎಷ್ಟು ಆಳ ಇಳದೈತಿ, ಎಲ್ಲಾರೂ ನೋಡ್ಲಿ."

"ಬ್ಯಾಡ್ರಿ, ಜರೂರಿಲ್ಲ."

"ಹಚ್ಚರಿ ಅಂತೇನಿ!"

ಅವರು ತುಕ್ಕು ಉಜ್ಜಿ, ನುಣುಪು ಮಾಡಿ, ಹತ್ತಿಯಿಂದ ಆಸಿಡ್ ಸವರಿದರು. ಉಕ್ಕಿನೊಳಗಿನ ಗೆರೆಗಳು ಎದ್ದವು, ರುದ್ರೇಶ ಎಣಿಸಿದಂತೆಯೇ ತೂತಿನ ಕಡೆ ಬಾಗಿ. ಕಿರಣಕುಮಾರನ ಮೋರೆ ಬಾಡಿತು. ಗೆರೆಗಳ ಪಕ್ಕದಲ್ಲಿ ಇನ್ನೂ ಏನೋ ಮಸುಕಾಗಿ ಏಳತೊಡಗಿತು. ಶೆಡ್ಡಿಗೆ ಬಂದ ಪ್ರತಿ ಪ್ಲೇಟಿಗೂ ಸಿದ್ದಲಿಂಗ ಸುತ್ತಿಗೆಯಿಂದ ಅಕ್ಷರ-ಅಂಕಿಯ ಗುರುತು ಹೊಡೆಯುತ್ತಿದ್ದ, ಒಂದರೊಳಗೊಂದು ಬೆರೆಯಬಾರದೆಂದು. ಮೇಷ್ಟ್ರು ಆರಿಸಿಟ್ಟು ಹೋದ ಪ್ಲೇಟು ಮಾತ್ರ ಚೊಕ್ಕ ಕಾಣಲೆಂದು, ಪ್ರೆಸ್ಸಿಗೆ ಇಡುವ ಮೊದಲು, ಗೌರವದಿಂದ ಆ ಗುರುತನ್ನು ಗ್ರೈಂಡರ್ ಹಿಡಿದು ಅಳಿಸಿದ್ದ. ಅಳಿಸಿದ್ದು ಕಣ್ಣಿಗೆ ಕಾಣುವಷ್ಟನ್ನು, ಸುತ್ತಿಗೆಯ ಏಟು ಅದಕ್ಕಿಂತ ಆಳಕ್ಕೆ ಇಳಿದಿತ್ತು. ಶೈಲಶ್ರೀ ಮಸೂರ ಸರಿಸಿ ಓದಿದರು: "ಎಸ್... ಎರಡು ಸಾವಿರದ ಹತ್ತೊಂಬತ್ತು."