ವರದಿಯ ಕೊನೆಯ ಪುಟ

"ಅಯ್ಯೋ, ಸೌದೆ ಹಾಗೆ ತುರುಕಬಾರದು ಕಣ್ರೀ! ಈ ಕಡೆ ಬನ್ನಿ, ನಾನು ತೋರಿಸ್ತೀನಿ."

ಪ್ಯಾಂಟಿಗೆ ಬೂದಿ ಮೆತ್ತುವುದನ್ನೂ ಲೆಕ್ಕಿಸದೆ ಅಂಜನಮೂರ್ತಿ ಒಲೆ ಮುಂದೆ ಕೂತ. ನಿಂಗಮ್ಮನ ಅಡುಗೆಮನೆಯಲ್ಲಿದ್ದ ಆ ಹೊಸ ಹುಡುಗಿ ಪಕ್ಕಕ್ಕೆ ಸರಿದಳು. ತುಟಿ ಬಿಗಿಹಿಡಿದಿದ್ದಳು, ಕಣ್ಣು ಮಾತ್ರ ನಗುತ್ತಿತ್ತು.

"ಈ ಒಲೆ ಹೊಗೆ ಕೊಡಲ್ಲ. ಅರ್ಧ ಸೌದೆ ಸಾಕು. ನೀವು ನಿಂಗಮ್ಮನ ಕಡೆಯೋರಾ?"

"ಕುಣಿಗಲ್ ಕಡೆಯೋಳು. ರಂಗಲಕ್ಷ್ಮಿ ಅಂತ. ಒಲೆ ನೋಡೋಣ ಅಂತ ಬಂದೆ."

ಅವಳು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ ಅನ್ನುವುದು ಅವನಿಗೆ ತಿಳಿಯಲು ಹದಿನೈದು ದಿನ ಬೇಕಾಯಿತು.

ಅದು ೧೯೮೧ನೇ ಇಸವಿ. ನಿಟ್ಟೂರಿನ ಗ್ರಾಮ ತಂತ್ರಜ್ಞಾನ ಕೇಂದ್ರ ಅಂದರೆ ಎರಡು ಬಾಡಿಗೆ ರೂಮು, ಒಂದು ಶೆಡ್ಡು, ಇಪ್ಪತ್ತೊಂಬತ್ತು ವರ್ಷದ ಇಂಜಿನಿಯರ್ ಅಂಜನಮೂರ್ತಿ. ಊರ್ಡಿಗೆರೆಯ ರೈತನ ಮಗ. ಮೂರು ವರ್ಷದಲ್ಲಿ ಸುತ್ತಿನ ನಾಲ್ಕು ಹಳ್ಳಿಗಳಲ್ಲಿ ನೂರ ಹನ್ನೆರಡು ಹೊಗೆ ಇಲ್ಲದ ಒಲೆ ಕಟ್ಟಿಸಿದ್ದ. ಸರ್ಕಾರದ ಅನುದಾನ ಮಾರ್ಚಿಗೆ ಮುಗಿಯುತ್ತಿತ್ತು. ಮೌಲ್ಯಮಾಪನ ಸಮಿತಿ ಒಪ್ಪಿದರೆ ತುಮಕೂರಿನಲ್ಲಿ ಸ್ವಂತ ಕಟ್ಟಡ, ಲ್ಯಾಬು, ಖಾಯಂ ಸಂಶೋಧನಾ ಕೇಂದ್ರ. ಒಪ್ಪದಿದ್ದರೆ ಬಾಗಿಲಿಗೆ ಬೀಗ.

ರಂಗಲಕ್ಷ್ಮಿ ಹತ್ತು ದಿನ ನಿಂಗಮ್ಮನ ಮನೆಯಲ್ಲಿದ್ದಳು. ನಿಂಗಮ್ಮ ಅವಳನ್ನು "ಮಗಾ" ಅಂತ ಕರೆಯುತ್ತಿದ್ದಳು. ನೆಂಟರ ಹುಡುಗಿಯೇ ಇರಬೇಕು ಅಂದುಕೊಂಡ ಅಂಜನಮೂರ್ತಿ ಮತ್ತೆ ಕೇಳಲಿಲ್ಲ. ದಿನಾ ಮಧ್ಯಾಹ್ನ ಅಲ್ಲೇ ಅವನ ಊಟ. ಮೊದಮೊದಲು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಿದ್ದವನು ಈಗ ಗಂಟೆಗಟ್ಟಲೆ ಕೂರತೊಡಗಿದ.

"ನೀವು ಈ ಒಲೆ ಮೇಲೆ ಅಡುಗೆ ಮಾಡಿ ನೋಡಿದೀರಾ ಸಾರ್?" ಒಂದು ದಿನ ಕೇಳಿದಳು.

"ಓಹೋ! ಕಾಫಿ ಕಾಯಿಸಿದೀನಿ."

"ಕಾಫಿ!" ಅಂದಳು. ಒಂದೇ ಒಂದು ಹುಬ್ಬು ಮೇಲೆ ಹೋಯಿತು. ಆ ಹುಬ್ಬು ನೋಡುತ್ತ ಅವನು ಸಾರು ಹಾಕಿಸಿಕೊಳ್ಳುವುದನ್ನೇ ಮರೆತ.

ಅವಳು ಮನೆಮನೆಗೆ ಹೋಗಿ ಹೆಂಗಸರ ಜೊತೆ ಹರಟುವುದನ್ನು ಕಂಡು ಅವನಿಗೆ ಖುಷಿಯಾಗುತ್ತಿತ್ತು. ಈ ಹುಡುಗಿ ನನ್ನ ಜೊತೆಗಿದ್ದರೆ ಕೇಂದ್ರವನ್ನು ಇಬ್ಬರೂ ಸೇರಿ ಬೆಳೆಸಬಹುದು ಅಂತ ಕನಸು ಕಟ್ಟಿದ. ಹೇಳಬೇಕು ಅಂತ ಗಟ್ಟಿ ಮನಸ್ಸು ಮಾಡಿಕೊಂಡು ಹೋದ ದಿನವೇ ನಿಂಗಮ್ಮ ಅಂದಳು, "ಬೆಳಿಗ್ಗೆ ರೈಲಿಗೆ ಹೋದ್ಲು ಕಣಪ್ಪ."

ಐದು ದಿನಕ್ಕೆ ತುಮಕೂರಿನಲ್ಲಿ ಸಮಿತಿಯ ಮೀಟಿಂಗು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ನಕ್ಷೆಗಳ ಸುರುಳಿ ಹಿಡಿದುಕೊಂಡು ಅಂಜನಮೂರ್ತಿ ಒಳಗೆ ಕಾಲಿಟ್ಟ. ಸುರುಳಿ ಕೈಯಿಂದ ಜಾರಿ ಬಿತ್ತು.

ಮೇಜಿನ ಆ ಕಡೆ, ಅಧ್ಯಕ್ಷರ ಪಕ್ಕದಲ್ಲಿ, ಫೈಲು ಹಿಡಿದು ರಂಗಲಕ್ಷ್ಮಿ ಕೂತಿದ್ದಳು.

"ಇವರು ನಮ್ಮ ಸಮಿತಿಯ ಸರ್ವೆ ಮಾಡಿದವರು," ಎಂದರು ಅಧ್ಯಕ್ಷರು. "ಓದಮ್ಮ."

ಅವಳು ತಲೆ ಎತ್ತದೆ ಓದಿದಳು. "ಕಟ್ಟಿದ ಒಲೆಗಳು ನೂರ ಹನ್ನೆರಡು. ಪೂರ್ತಿ ಬಳಕೆಯಲ್ಲಿರುವುದು ಇಪ್ಪತ್ಮೂರು."

ಅವನಿಗೆ ಕಿವಿ ಗುಂಯ್ ಎಂದಿತು. "ಸುಳ್ಳು ಸರ್! ನಿಂಗಮ್ಮನ ಮನೇಲಿ ಮೂರು ವರ್ಷದಿಂದ ನಾನೇ ಮುದ್ದೆ ತಿಂತಿದೀನಿ!"

"ಸಾರು ಆ ಒಲೆ ಮೇಲೆ," ಅವಳ ದನಿ ಸಣ್ಣಗಿತ್ತು. "ಮುದ್ದೆ ಹಿತ್ತಿಲ ಹಳೇ ಒಲೆ ಮೇಲೆ. ಕೋಲಲ್ಲಿ ಹಿಟ್ಟು ತಿರುವೋವಾಗ ನಿಮ್ಮ ಒಲೆ ಮೇಲೆ ಪಾತ್ರೆ ಜಾರುತ್ತೆ, ಒಲೆ ಬಾಯಿ ಒಡೆದುಹೋಗುತ್ತೆ. ಎಲ್ಲಾ ಮನೇಲೂ ಇದನ್ನೇ ಹೇಳಿದ್ರು."

"ಮತ್ತೆ ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ಅಷ್ಟು ಆಸೆಯಿಂದ ಕಟ್ಟಿಸಿದಾರೆ, ಬೇಜಾರು ಮಾಡ್ಕೋತಾರೆ ಅಂತ."

ನೂರಾರು ಊಟ. ಒಂದೊಂದು ಮುದ್ದೆಯೂ ಹಿತ್ತಿಲಿಂದ ಬಂದದ್ದು. ಅವಮಾನ ಸಿಟ್ಟಾಗಿ ಹೊರಗೆ ಬಂತು.

"ಇವರು ಯಾರು ಅಂತ ಹೇಳದೆ ಹತ್ತು ದಿನ ನಮ್ಮ ಮಧ್ಯ ಇದ್ರು ಸರ್. ನಗ್ತಾ ಮಾತಾಡಿದ್ರು. ಇವರ ಲೆಕ್ಕ ನಾನು ಒಪ್ಪಲ್ಲ."

ರಂಗಲಕ್ಷ್ಮಿಯ ಮುಖ ಬಿಳಿಚಿತು.

"ಹೇಳಬೇಡ ಅಂದವನು ನಾನು," ಎಂದರು ಅಧ್ಯಕ್ಷರು. "ಆಮೇಲೆ ನಮ್ಮ ಆಫೀಸಿನ ಕಾಳಯ್ಯ ಹೋಗಿ ಇನ್ನೊಂದು ಸಲ ಎಣಿಸಿದಾನೆ. ಇಪ್ಪತ್ಮೂರೇ. ಎರಡನೇ ಸಲ ಯಾಕೆ ಎಣಿಸಬೇಕಾಯ್ತು ಅಂದರೆ..." ಅವರು ವರದಿಯ ಕೊನೆಯ ಪುಟ ತೆಗೆದರು.

"ಸರ್, ಅದು ಬೇಡ. ದಯವಿಟ್ಟು," ಎಂದು ಅವಳು ಅರ್ಧ ಎದ್ದಳು.

"ಅವರು ಲೆಕ್ಕ ಒಪ್ಪಲ್ಲ ಅಂದಮೇಲೆ ಓದಲೇಬೇಕಮ್ಮ." ಓದಿದರು: "'ಕೇಂದ್ರದ ಮುಖ್ಯಸ್ಥರಾದ ಶ್ರೀ ಅಂಜನಮೂರ್ತಿ ಅವರ ಮೇಲೆ ನನಗೆ ಪ್ರೀತಿ ಹುಟ್ಟಿದೆ. ನನ್ನ ಎಣಿಕೆ ಅವರ ಪರ ವಾಲಿರುವ ಸಾಧ್ಯತೆ ಇದೆ. ಆದ್ದರಿಂದ ಬೇರೆಯವರಿಂದ ಮತ್ತೊಮ್ಮೆ ಎಣಿಸಬೇಕೆಂದು ಕೋರುತ್ತೇನೆ.'"

ಮೂಲೆಯಲ್ಲಿ ಟೈಪ್‌ರೈಟರ್ ನಿಂತಿತು. ಯಾರದ್ದೋ ಟೀ ಲೋಟ ತುಟಿಯ ಹತ್ತಿರವೇ ಉಳಿಯಿತು. ಅಂಜನಮೂರ್ತಿ ಕುರ್ಚಿ ಎಲ್ಲಿದೆ ಅಂತ ಕೈಯಲ್ಲಿ ತಡಕಿ ಕೂತ. ಪ್ರೀತಿ ಅನ್ನುವ ಮಾತನ್ನು ಸರ್ಕಾರಿ ಕಾಗದದಲ್ಲಿ, ತನ್ನ ಹೆಸರಿನ ಪಕ್ಕದಲ್ಲಿ, ಅವನು ಕನಸಲ್ಲೂ ನಿರೀಕ್ಷಿಸಿರಲಿಲ್ಲ.

"ಈಗ ಹೇಳಿ, ಲೆಕ್ಕ ಒಪ್ತೀರಾ?"

"ಒಪ್ತೀನಿ ಸರ್," ಎಂದ. ದನಿ ತನ್ನದೇ ಅಂತ ಅನ್ನಿಸಲಿಲ್ಲ.

ಕಟ್ಟಡ ಸಿಗಲಿಲ್ಲ. ಲ್ಯಾಬು ಬೇರೆ ಜಿಲ್ಲೆಗೆ ಹೋಯಿತು. ನಿಟ್ಟೂರಿಗೆ ಒಂದೇ ಒಂದು ವರ್ಷ ಕೊಟ್ಟರು, ಹೆಂಗಸರನ್ನು ಕೂರಿಸಿಕೊಂಡು ಒಲೆಯನ್ನು ಹೊಸದಾಗಿ ಮಾಡಬೇಕು ಅನ್ನುವ ಷರತ್ತಿನ ಮೇಲೆ. ಮುಂದಿನ ಸರ್ವೆಗೆ ರಂಗಲಕ್ಷ್ಮಿ ಬರುವಂತಿಲ್ಲ ಅಂತಲೂ ಬರೆದುಕೊಂಡರು.

ಹೊರಗೆ ವರಾಂಡದಲ್ಲಿ ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ಕೆನ್ನೆ ಕೆಂಪಗಿತ್ತು.

"ನನ್ನ ಮೇಲೆ ಸಿಟ್ಟಾ?"

"ಇತ್ತು. ಈಗ ಎಲ್ಲಿ ಹೋಯ್ತೋ ಗೊತ್ತಿಲ್ಲ." ಅವನು ಹತ್ತಿರ ಬಂದ. "ಸರ್ಕಾರಿ ವರದಿಯಲ್ಲಿ ಹಾಗೆ ಬರೆದುಕೊಡೋಕೆ ಭಯ ಆಗ್ಲಿಲ್ವಾ?"

"ಆಯ್ತು. ಬರೀದೆ ಇದ್ದಿದ್ರೆ ವರದಿ ಸುಳ್ಳಾಗ್ತಿತ್ತು." ಮೊದಲ ಸಲ ನೇರವಾಗಿ ನೋಡಿದಳು. "ನಿಮ್ಮ ಕಡೆಯಿಂದ ಏನೂ ಇಲ್ವಾ ಹೇಳೋಕೆ?"

"ಇದೆ. ನೀವು ಹೋದ ದಿನವೇ ಹೇಳೋಕೆ ಬಂದಿದ್ದೆ. ನನಗೂ ನೀವು ಬೇಕು ರಂಗಲಕ್ಷ್ಮಿ. ಲೆಕ್ಕ ಹೇಗೇ ಇರಲಿ."

ಅವಳು ಕಣ್ಣು ತುಂಬಿಕೊಂಡೇ ನಕ್ಕಳು.

"ಭಾನುವಾರ ಕುಣಿಗಲ್‌ಗೆ ಬನ್ನಿ. ಒಬ್ರೇ ಬರಬೇಡಿ, ಯಾರೋ ಸರ್ವೆಯೋರು ಅಂದ್ಕೊಂಡು ಅಪ್ಪ ಬಾಗಿಲಲ್ಲೇ ಮಾತಾಡಿಸಿ ಕಳಿಸಿಬಿಡ್ತಾರೆ. ಮನೆ ಹಿರಿಯರನ್ನ ಕರ್ಕೊಂಡು ಬನ್ನಿ."